ಮನೆಗಳ ಊರು ಮೊಂತಾಯೂ: ಏಳುನೂರು ವರ್ಷ ಹಿಂದಿನ ಒಂದು ಫ್ರೆಂಚ್ ಹಳ್ಳಿಯ ಬಗ್ಗೆ

ಪ್ರಶ್ನೆ: ದಕ್ಷಿಣ ಫ್ರಾನ್ಸಿನ ಮೊಂತಾಯೂ ಎಂಬ ಪುಟ್ಟ ಹಳ್ಳಿಯಲ್ಲಿ ಏಳುನೂರು ವರ್ಷಗಳ ಹಿಂದೆ ಜನ ಏನು ಉಣ್ಣುತ್ತಿದ್ದರು, ಯಾರ ಮನೆಗೆ ಯಾರು ಹೋಗಿ ಬರುತ್ತಿದ್ದರು, ಯಾರಿಗೆ ಯಾರ ಮೇಲೆ ಹಗೆಯಿತ್ತು ಎಂಬುದೆಲ್ಲ ಇತಿಹಾಸಕಾರರಿಗೆ ಗೊತ್ತಿದೆಯಂತೆ. ಅಕ್ಷರ ಬಾರದ ರೈತರು ಮತ್ತು ಕುರಿಗಾಹಿಗಳ ಬದುಕು ಇಷ್ಟು ವಿವರವಾಗಿ ತಿಳಿದದ್ದು ಹೇಗೆ? ಆ ಊರಿನ ಸಮುದಾಯ ಜೀವನ ಹೇಗಿತ್ತು? ಈ ವಿವರಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಆಮೇಲೆ ಊರು ಏನಾಯಿತು?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು, ಆದರೆ ಹಿತವಾದುದಲ್ಲ. ಮೊಂತಾಯೂವಿನ ಜನರನ್ನು ಒಬ್ಬೊಬ್ಬರನ್ನಾಗಿ ಹಿಡಿದು ತಂದು, ಧರ್ಮವಿರೋಧದ ಆರೋಪದ ಮೇಲೆ ಒಬ್ಬ ಬಿಷಪ್ ವಿಚಾರಣೆ ಮಾಡಿದ. ಆ ವಿಚಾರಣೆಯಲ್ಲಿ ಅವರು ಆಡಿದ ಮಾತುಗಳನ್ನು ಗುಮಾಸ್ತರು ಬರೆದಿಟ್ಟರು. ಹಾಗೆ ಬರೆದಿಟ್ಟ ಸಂಪುಟಗಳಲ್ಲಿ ಒಂದು ನಾಶವಾಗದೆ ಇಂದಿಗೂ ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಅಂದರೆ ಊರಿನ ಬದುಕು ನಮಗೆ ತಿಳಿದಿರುವುದು ಆ ಬದುಕನ್ನು ಮುರಿಯಲು ಹೊರಟ ನ್ಯಾಯಾಲಯದ ಕಾಗದಗಳಿಂದ. ಮುಂದಿನ ಎಲ್ಲ ವಿವರಗಳನ್ನು ಓದುವಾಗ ಈ ಸಂಗತಿ ಮನಸ್ಸಿನಲ್ಲಿರಬೇಕು.

ಮೊಂತಾಯೂ ಇರುವುದು ಈಗಿನ ಆರಿಯೇಜ್ ಜಿಲ್ಲೆಯಲ್ಲಿ, ಪಿರೆನೀಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದ ಒಂದು ಪ್ರಸ್ಥಭೂಮಿಯ ಅಂಚಿನಲ್ಲಿ. 1300ರ ಸುಮಾರಿಗೆ ಅಲ್ಲಿ ನಲವತ್ತರ ಆಸುಪಾಸಿನಷ್ಟು ಮನೆಗಳೂ ಇನ್ನೂರರಿಂದ ಇನ್ನೂರೈವತ್ತು ಜನರೂ ಇದ್ದರು. ಗುಡ್ಡದ ನೆತ್ತಿಯಲ್ಲಿ ಕೋಟೆ, ಅದರ ಕೆಳಗಿನ ಇಳಿಜಾರಿನಲ್ಲಿ ಮನೆಗಳು, ಇನ್ನೂ ಕೆಳಗೆ ಕನ್ಯಾಮರಿಯಳ ಚರ್ಚು. ಫ್ರೆಂಚ್ ಹಳ್ಳಿ ಎಂದು ನಾವು ಇಂದು ಕರೆಯುವ ಈ ಊರಿನವರು ಆಗ ಫ್ರೆಂಚ್ ಮಾತಾಡುತ್ತಿರಲಿಲ್ಲ. ಅವರ ಆಡುಮಾತು ಓಕ್ಸಿತಾನ್. ಅವರ ಪಾಲಿನ ಪ್ರಭು ಪ್ಯಾರಿಸಿನ ದೊರೆಯಲ್ಲ, ಫ್ವಾ ಪ್ರಾಂತ್ಯದ ಕೌಂಟ್. ಕೌಂಟನ ಕಡೆಯಿಂದ ಊರಿನಲ್ಲಿ ಇಬ್ಬರು ಇರುತ್ತಿದ್ದರು: ಕೋಟೆಯನ್ನು ಕಾಯುವ ಕೋಟೆನಾಯಕ, ಮತ್ತು ಕಂದಾಯ ವಸೂಲಿ ಮಾಡುತ್ತ ಸಣ್ಣಪುಟ್ಟ ನ್ಯಾಯವನ್ನೂ ನೋಡಿಕೊಳ್ಳುವ ಬಾಯ್ಲ್ ಎಂಬ ಅಧಿಕಾರಿ. ಈ ಎರಡನೆಯ ಹುದ್ದೆಯ ವಿಷಯ ಮುಂದೆ ಬರುತ್ತದೆ.

ನ್ಯಾಯಾಲಯ ಈ ಬೆಟ್ಟದ ಊರಿಗೆ ಬಂದ ಕಾರಣವನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಹನ್ನೆರಡನೆಯ ಶತಮಾನದಿಂದ ದಕ್ಷಿಣ ಫ್ರಾನ್ಸಿನಲ್ಲಿ ಕಥಾರ್ ಎಂದು ಹೆಸರಾದ ಒಂದು ಪಂಥ ಹಬ್ಬಿತ್ತು. ಆತ್ಮವನ್ನು ಮಾಡಿದವನು ಒಳ್ಳೆಯ ದೇವರು, ಕಣ್ಣಿಗೆ ಕಾಣುವ ಈ ಲೋಕವನ್ನು ಮಾಡಿದವನು ಕೆಡುಕಿನ ಒಡೆಯ ಎಂಬುದು ಅವರ ತಿಳಿವಳಿಕೆ. ಪಂಥದ ಗುರುಗಳನ್ನು ಜನ 'ಒಳ್ಳೆಯವರು' ಎನ್ನುತ್ತಿದ್ದರು. ಅವರು ಮಾಂಸ, ಮೊಟ್ಟೆ, ಹಾಲು ಮುಟ್ಟದೆ, ಮದುವೆಯಾಗದೆ ಬದುಕಬೇಕಿತ್ತು. ಈ ಕಟ್ಟುಪಾಡು ಸಾಮಾನ್ಯ ನಂಬಿಕಸ್ಥರಿಗೆ ಇರಲಿಲ್ಲ. ಸಾಯುವ ಹೊತ್ತಿಗೆ ಒಬ್ಬ ಒಳ್ಳೆಯವನ ಕೈಯಿಂದ ದೀಕ್ಷೆ ಪಡೆದರೆ ಆತ್ಮಕ್ಕೆ ಬಿಡುಗಡೆ ಸಿಗುತ್ತದೆಂದು ಅವರು ನಂಬಿದ್ದರು. ರೋಮಿನ ಚರ್ಚು 1209ರಿಂದ 1229ರವರೆಗೆ ಈ ಪಂಥದ ಮೇಲೆ ಧರ್ಮಯುದ್ಧ ನಡೆಸಿತು. 1244ರಲ್ಲಿ ಮೊಂಸೆಗ್ಯೂರ್ ಕೋಟೆ ಬಿದ್ದಾಗ ಇನ್ನೂರಕ್ಕೂ ಹೆಚ್ಚು ಜನರನ್ನು ಸುಡಲಾಯಿತು. ಪಂಥ ಅಲ್ಲಿಗೆ ಮುಗಿಯಿತೆಂದು ಬಹಳ ಜನ ಭಾವಿಸಿದ್ದರು. ಆದರೆ ಆಕ್ಸ್ ಪಟ್ಟಣದ ಪಿಯೇರ್ ಓತಿಯೇ ಎಂಬ ಒಬ್ಬ ದಸ್ತಾವೇಜು ಬರಹಗಾರ ತನ್ನ ತಮ್ಮ ಗೀಯೋಮನೊಡನೆ 1296ರಲ್ಲಿ ಇಟಲಿಯ ಲೊಂಬಾರ್ದಿಗೆ ಹೋಗಿ, ದೀಕ್ಷೆ ಪಡೆದು, ಶತಮಾನದ ಕೊನೆಗೆ ಮರಳಿ ಬಂದು, ಬೆಟ್ಟದ ಊರುಗಳಲ್ಲಿ ಗುಟ್ಟಾಗಿ ಬೋಧಿಸತೊಡಗಿದ. ಮೊಂತಾಯೂ ಆ ಬೋಧನೆಯ ಗಟ್ಟಿ ನೆಲೆಗಳಲ್ಲೊಂದಾಯಿತು.

ಸುದ್ದಿ ಹೊರಬಿದ್ದ ಮೇಲೆ, 1308ರಲ್ಲಿ, ಕಾರ್ಕಸೋನ್ ನಗರದ ಧರ್ಮವಿಚಾರಕ ಜೊಫ್ರುವಾ ದಾಬ್ಲಿ ಊರಿಗೆ ಜನ ಕಳಿಸಿ, ಪ್ರಾಯಕ್ಕೆ ಬಂದವರನ್ನೆಲ್ಲ ಒಂದೇ ಬಾರಿಗೆ ಬಂಧಿಸಿದ. ಪಿಯೇರ್ ಓತಿಯೇಯನ್ನು 1310ರಲ್ಲಿ ತೂಲೂಸಿನಲ್ಲಿ ಸುಟ್ಟರು. ಇಷ್ಟಾದರೂ ನಮ್ಮ ಕಡತ ಇನ್ನೂ ಹುಟ್ಟಿರಲಿಲ್ಲ. ಅದನ್ನು ಬರೆಸಿದವನು 1317ರಲ್ಲಿ ಪಾಮಿಯೇ ನಗರಕ್ಕೆ ಬಿಷಪ್ ಆಗಿ ಬಂದ ಜಾಕ್ ಫೂರ್ನಿಯೇ. ಅವನು ಹುಟ್ಟಿದ್ದು ಅದೇ ಪ್ರಾಂತ್ಯದ ಸವೆರ್ದುನ್‌ನಲ್ಲಿ, ಹೀಗಾಗಿ ಜನರ ಮಾತು ಅವನಿಗೆ ಚೆನ್ನಾಗಿ ಬರುತ್ತಿತ್ತು. 1318ರಿಂದ 1325ರವರೆಗೆ ಅವನ ನ್ಯಾಯಾಲಯ 370 ದಿನ ಸೇರಿ 578 ವಿಚಾರಣೆಗಳನ್ನು ನಡೆಸಿತು. ಚಿತ್ರಹಿಂಸೆಯನ್ನು ಅವನು ಬಹುಮಟ್ಟಿಗೆ ಬಳಸಲಿಲ್ಲ. ಸೆರೆಮನೆ, ಕಾಯಿಸುವಿಕೆ, ಮತ್ತು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿಕ್ಕಿನಿಂದ ಕೇಳುವ ಅಸಾಧಾರಣ ತಾಳ್ಮೆ ಅವನ ಆಯುಧಗಳಾಗಿದ್ದವು. ಇದೇ ವ್ಯಕ್ತಿ 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್ ಆದ. ಕಡತವೂ ಅವನ ಜೊತೆ, ಆಗ ಪೋಪರು ನೆಲೆಸಿದ್ದ ಆವಿನ್ಯೋನಿಗೆ ಹೋಗಿ, ಅಲ್ಲಿಂದ ಮುಂದೆ ರೋಮಿಗೆ ಸೇರಿತು. ಒಂದು ಜಿಲ್ಲೆಯ ನ್ಯಾಯಾಲಯದ ದಾಖಲೆ ಏಳು ಶತಮಾನ ಉಳಿದದ್ದಕ್ಕೆ ಆ ಬಿಷಪ್‌ನ ಬಡ್ತಿಯೇ ಕಾರಣವೆನ್ನಬಹುದು.

ಇನ್ನು ಸಮುದಾಯ ಜೀವನದ ವಿಷಯ. ಆ ಊರನ್ನು ಹಿಡಿದಿಟ್ಟಿದ್ದ ಶಕ್ತಿ ಯಾವುದು ಎಂದು ಕಡತವನ್ನು ಓದುತ್ತ ಹುಡುಕಿದರೆ, ಕೌಂಟ್ ಸಿಗುವುದಿಲ್ಲ, ಪಂಚಾಯಿತಿಯಂಥ ಊರಸಭೆ ಎದ್ದು ಕಾಣುವುದಿಲ್ಲ, ಚರ್ಚೂ ಅಷ್ಟಾಗಿ ಸಿಗುವುದಿಲ್ಲ. ಪುಟಪುಟದಲ್ಲೂ ಎದುರಾಗುವುದು ಮನೆ: ಕಲ್ಲುಮರಗಳ ಕಟ್ಟಡವೂ ಹೌದು, ಅದರಲ್ಲಿ ಬದುಕುವ ಮನೆತನವೂ ಹೌದು. ನಾನು ತಿಳಿದಂತೆ ಮೊಂತಾಯೂವಿನ ಧರ್ಮ, ಆಸ್ತಿ, ಸ್ನೇಹ, ದ್ರೋಹ ಎಲ್ಲವೂ ಮನೆಯಿಂದ ಮನೆಗೆ ಹರಿದ ಸಂಗತಿಗಳು. ವ್ಯಕ್ತಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅರ್ಥವಾಗುವುದಿಲ್ಲ. ಮನೆಗೆ ತನ್ನದೇ ಒಂದು ಅದೃಷ್ಟವಿದೆ ಎಂದು ಅವರು ನಂಬಿದ್ದರು. ಊರಿನ ದೊಡ್ಡ ಮನೆತನವಾದ ಕ್ಲೆರ್ಗ್ ಮನೆಯ ಯಜಮಾನ ಪೊನ್ಸ್ ಸತ್ತಾಗ, ಆ ಅದೃಷ್ಟ ಹೆಣದ ಜೊತೆ ಹೊರಟು ಹೋಗದಿರಲಿ ಎಂದು ಅವನ ಹಣೆಯ ಸುತ್ತಲಿನ ಕೂದಲನ್ನೂ ಕೈಕಾಲುಗಳ ಉಗುರಿನ ತುಂಡುಗಳನ್ನೂ ಕತ್ತರಿಸಿ ಮನೆಯಲ್ಲಿಟ್ಟುಕೊಂಡರು. ಆ ಮನೆಯ ಮಗನೇ ಊರಿನ ಪಾದ್ರಿಯಾಗಿದ್ದ ಎಂಬುದನ್ನು ನೆನಪಿಡಬೇಕು.

ಮನೆಯ ನಡುವೆ ಇದ್ದದ್ದು ಅಡುಗೆಮನೆ. ಬೆಂಕಿ, ಊಟ, ಮಾತು, ಗುಟ್ಟಿನ ಬೋಧನೆ ಎಲ್ಲವೂ ಅಲ್ಲಿಯೇ. ಅದರ ಗೋಡೆ ಕಲ್ಲಿನದು, ಸುತ್ತಲಿನ ಕೋಣೆಗಳು ಮರ ಮತ್ತು ಮಣ್ಣಿನವು. ದನಕರು, ಕುರಿ, ಹಂದಿಗಳೂ ಅದೇ ಸೂರಿನಡಿ ಇರುತ್ತಿದ್ದವು. ಮೇಲೊಂದು ಅಟ್ಟವಿದ್ದರೆ ಅದು ಅನುಕೂಲಸ್ಥರ ಮನೆ. ಮರದ ಹಲಗೆ ಹೊದಿಸಿದ ಸೂರು ಎಷ್ಟು ತಗ್ಗಾಗಿತ್ತೆಂದರೆ, ಹೊರಗೆ ನಿಂತವರು ಅಂಚನ್ನು ತಲೆಯಿಂದ ಎತ್ತಿ ಒಳಗೇನು ನಡೆಯುತ್ತಿದೆಯೆಂದು ಇಣುಕಿ ನೋಡಬಹುದಿತ್ತು. ಗುಟ್ಟಿನ ಪಂಥವೊಂದು ಇಂಥ ಮನೆಗಳಲ್ಲಿ ಹತ್ತಾರು ವರ್ಷ ಉಳಿದಿತ್ತೆಂದರೆ, ಅಕ್ಕಪಕ್ಕದವರಿಗೆ ಏನೂ ಗೊತ್ತಿರಲಿಲ್ಲವೆಂದು ಅರ್ಥವಲ್ಲ. ಗೊತ್ತಿದ್ದೂ ಅವರು ಬಾಯಿ ಬಿಡಲಿಲ್ಲ. ಹಗಲಿನಲ್ಲಿ, ಬಿಸಿಲು ಬಿದ್ದಾಗ, ಹೆಂಗಸರು ಬಾಗಿಲ ಮುಂದೆಯೋ ಸೂರಿನ ಮೇಲೆಯೋ ಕೂತು ಒಬ್ಬರ ತಲೆಯ ಹೇನನ್ನು ಒಬ್ಬರು ಹೆಕ್ಕುತ್ತಿದ್ದರು. ಕಡತದಲ್ಲಿ ಈ ಹೇನು ಹೆಕ್ಕುವ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಮಗಳು ತಾಯಿಗೆ, ಆಳು ಒಡತಿಗೆ, ಪ್ರೇಯಸಿ ಪ್ರಿಯನಿಗೆ ಹೆಕ್ಕುವುದು ರೂಢಿಯಾಗಿದ್ದು, ಯಾರು ಯಾರಿಗೆ ಹೆಕ್ಕುತ್ತಾರೆ ಎಂಬುದರಿಂದಲೇ ಅವರವರ ಸಂಬಂಧ ಗೊತ್ತಾಗುತ್ತಿತ್ತು. ಊರಿನ ದೊಡ್ಡ ಸುದ್ದಿಗಳೆಲ್ಲ ಆ ಹೊತ್ತಿನಲ್ಲಿಯೇ ಬಾಯಿಂದ ಬಾಯಿಗೆ ದಾಟುತ್ತಿದ್ದವು.

ನೆಲ ಚಳಿಯದು, ದ್ರಾಕ್ಷಿ ಅಲ್ಲಿ ಬೆಳೆಯದು. ಗೋಧಿ, ಓಟ್ಸ್, ಟರ್ನಿಪ್ ಗೆಡ್ಡೆ ಬೆಳೆಯುತ್ತಿದ್ದರು. ದ್ರಾಕ್ಷಾರಸ ಕೆಳನಾಡಿನಿಂದ ಹೇಸರಗತ್ತೆಗಳ ಮೇಲೆ ಬರುತ್ತಿತ್ತು. ಊರಿನಲ್ಲಿ ಹಿಟ್ಟಿನ ಗಿರಣಿ ಇಲ್ಲದ್ದರಿಂದ ಧಾನ್ಯವನ್ನು ಆಕ್ಸ್‌ವರೆಗೆ ಹೊತ್ತೊಯ್ದು ಬೀಸಿಸಿಕೊಂಡು ಬರಬೇಕಿತ್ತು. ರೊಟ್ಟಿ, ಕೋಸಿನ ಸಾರು, ಚೀಸ್, ಉಪ್ಪು ಹಾಕಿಟ್ಟ ಹಂದಿಮಾಂಸ ಅವರ ನಿತ್ಯದ ಊಟ. ನೀರನ್ನು ಹೆಂಗಸರು ಕೊಡ ತಲೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಒಬ್ಬ ನೇಕಾರ, ಒಬ್ಬ ಚಪ್ಪಲಿ ಹೊಲಿಯುವವನು, ದ್ರಾಕ್ಷಾರಸ ಮಾರುವ ಒಬ್ಬ ಹೆಂಗಸು ಇದ್ದರು. ಉಳಿದ ಕಸುಬುಗಳಿಗೆ ಪಟ್ಟಣ. ಇಸವಿ ತಿಂಗಳುಗಳ ಲೆಕ್ಕ ಜನಕ್ಕೆ ಬೇಕಿರಲಿಲ್ಲ. ಯಾವಾಗ ನಡೆಯಿತೆಂದು ಬಿಷಪ್ ಕೇಳಿದರೆ, ಯಾವುದೋ ಸಂತನ ಹಬ್ಬದ ಆಸುಪಾಸಿನಲ್ಲಿ, ಅಥವಾ ಎಲ್ಮ್ ಮರ ಎಲೆ ಬಿಟ್ಟಿದ್ದ ಕಾಲದಲ್ಲಿ ಎಂದು ಉತ್ತರ ಬರುತ್ತಿತ್ತು.

ಪಂಥವೂ ಮನೆಗಳ ನಂಟಿನ ದಾರಿಯಲ್ಲೇ ಒಳಗೆ ಬಂತು. ಗೀಯೋಮ್ ಓತಿಯೇಯ ಹೆಂಡತಿ ಬೆನೆ ಮನೆತನದ ಹೆಣ್ಣುಮಗಳು. ಆ ಮನೆತನದ ನೆಲೆ ಮೊಂತಾಯೂವಿನಲ್ಲೂ ಇತ್ತು. ಬೆನೆ ಮನೆ, ಬೆಲೋ ಮನೆ, ಮೊರಿ ಮನೆ ಹೀಗೆ ಒಂದರಿಂದ ಇನ್ನೊಂದಕ್ಕೆ ಬೋಧಕರು ರಾತ್ರಿಯ ಹೊತ್ತು ದಾಟುತ್ತಿದ್ದರು. ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ ಹಲಗೆ ಸರಿಸಿ, ಬೀದಿಗೆ ಇಳಿಯದೆಯೇ ಓಡಾಡುವ ದಾರಿಯೂ ಇತ್ತು. ಕೆಲವು ಮನೆಗಳು ಪೂರ್ತಿ ಕಥಾರ್, ಕೆಲವು ಪೂರ್ತಿ ಕಥೊಲಿಕ್, ಕೆಲವು ಕಾಲಕ್ಕೆ ತಕ್ಕಂತೆ. ಒಂದು ಮನೆಯೊಳಗೆ ಎರಡು ಮತ ಇದ್ದರೆ ಅದನ್ನು ಜನ ಮನೆಯ ಕೇಡೆಂದೇ ನೋಡುತ್ತಿದ್ದರು.

ಬೋಧನೆಯಲ್ಲಿ ಜನರನ್ನು ಸೆಳೆದದ್ದು ತತ್ವಕ್ಕಿಂತ ಕಥೆ ಎಂದು ನನಗನ್ನಿಸುತ್ತದೆ. ಆತ್ಮಗಳು ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತವೆ ಎಂಬುದು ಅವರ ನಂಬಿಕೆ. ಹಿಂದಿನ ಜನ್ಮದಲ್ಲಿ ಕುದುರೆಯಾಗಿದ್ದ ಒಬ್ಬ ಒಳ್ಳೆಯವನು, ಆಗ ತನ್ನ ಕಾಲಿನಿಂದ ಕಳಚಿಬಿದ್ದ ಲಾಳವನ್ನು ಅದೇ ದಾರಿಯಲ್ಲಿ ಹುಡುಕಿ ತೆಗೆದ ಕಥೆಯನ್ನು ಕುರಿಗಾಹಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕಥೊಲಿಕ್ ಚರ್ಚಿನ ದೃಷ್ಟಿಯಲ್ಲಿ ಇದು ಘೋರ ಅಪರಾಧ. ಪುನರ್ಜನ್ಮದ ಕಥೆಗಳನ್ನು ಕೇಳುತ್ತಲೇ ಬೆಳೆದ ನಮ್ಮ ಓದುಗರಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದು ಏನೆಂದು ತೋರದೆ ಇರಬಹುದು.

ಆದರೆ ಪಂಥದ ಕಟ್ಟುಪಾಡು ಬದುಕಿನ ಮೇಲೆ ಬೀಳುವ ಜಾಗಗಳೂ ಇದ್ದವು. ಸಾವಿನ ಹಾಸಿಗೆಯಲ್ಲಿ ದೀಕ್ಷೆ ಪಡೆದವರು ಆಮೇಲೆ ಏನನ್ನೂ ತಿನ್ನದೆ ಪ್ರಾಣ ಬಿಡಬೇಕೆಂಬ ರೂಢಿ ಓತಿಯೇ ಸೋದರರ ಕಾಲದಲ್ಲಿ ಬೆಳೆಯಿತು. ಊರಿನ ನಾ ರೋಕಾ ಎಂಬ ಮುದುಕಿ ಹಾಗೆಯೇ ಉಪವಾಸವಿದ್ದು ಸತ್ತಳು. ಅವಳು ಸತ್ತ ರಾತ್ರಿ ಸೂರಿನ ಮೇಲೆ ಎರಡು ಗೂಬೆಗಳು ಬಂದು ಕೂತವು. ಅವಳ ಆತ್ಮವನ್ನು ಒಯ್ಯಲು ಬಂದ ದೆವ್ವಗಳೆಂದು ಆ ಮನೆಯ ಬಡ ಹೆಂಗಸು ಬ್ರೂನ್ ಪೂರ್ಸೆಲ್ ಹೆದರಿದಳು. ಆರ್ಕ್ ಎಂಬ ಇನ್ನೊಂದು ಊರಿನಲ್ಲಿ, ಒಂದು ವರ್ಷವೂ ತುಂಬದ ಕಾಯಿಲೆಯ ಕೂಸಿಗೆ ದೀಕ್ಷೆ ಕೊಟ್ಟ ಬೋಧಕನು ಇನ್ನು ಮುಂದೆ ಅದಕ್ಕೆ ಹಾಲು ಕೊಡಬಾರದೆಂದು ಹೇಳಿ ಹೋದ. ಬೋಧಕನೂ ಗಂಡನೂ ಹೊರಗೆ ಹೋಗುವುದನ್ನೇ ಕಾದಿದ್ದು ತಾಯಿ ಮಗುವಿಗೆ ಮೊಲೆಯೂಡಿದಳು. ಗಂಡ ಬಹಳ ನೊಂದುಕೊಂಡನೆಂದು ಅವಳೇ ಹೇಳಿದ್ದಾಳೆ. ಮಧ್ಯಯುಗದ ತಾಯಂದಿರಿಗೆ ಮಕ್ಕಳ ಮೇಲೆ ಮಮತೆ ಕಡಿಮೆಯಿತ್ತೆಂದು ವಾದಿಸುವವರಿಗೆ ಈ ಒಂದು ಹೇಳಿಕೆ ಸಾಕಾದ ಉತ್ತರ.

ಈಗ ಕ್ಲೆರ್ಗ್ ಮನೆಗೆ ಬರೋಣ. ಅಣ್ಣತಮ್ಮಂದಿರಲ್ಲಿ ಬೆರ್ನಾರ್ ಊರಿನ ಬಾಯ್ಲ್, ಪಿಯೇರ್ ಊರಿನ ಪಾದ್ರಿ. ಒಬ್ಬನ ಕೈಯಲ್ಲಿ ಕೌಂಟನ ಕಂದಾಯ, ಇನ್ನೊಬ್ಬನ ಕೈಯಲ್ಲಿ ಚರ್ಚಿಗೆ ಸಲ್ಲಬೇಕಾದ ದಶಾಂಶ. ಊರಿನ ಎರಡು ಅಧಿಕಾರಗಳೂ ಒಂದೇ ಒಲೆಯ ಸುತ್ತ ಕೂತಿದ್ದವು. ಪಾದ್ರಿ ಭಾನುವಾರ ಪೂಜೆ ನಡೆಸುತ್ತಿದ್ದ, ಜೊತೆಗೆ ಕಥಾರ್ ಬೋಧಕರಿಗೆ ನೆರಳೂ ಆಗಿದ್ದ. ಅವನ ತಾಯಿ ಮೆಂಗಾರ್ದ್ ಪಂಥದ ಸ್ನೇಹಿತೆಯಾಗಿದ್ದವಳು. ಆದರೂ ಅವಳು ಸತ್ತಾಗ ಅವಳನ್ನು ಕನ್ಯಾಮರಿಯಳ ಚರ್ಚಿನ ಪೀಠದ ಬಳಿಯೇ ಹೂಳಿಸಿದ. ಮನೆಯ ಗೌರವದ ಮುಂದೆ ಎರಡು ಮತಗಳ ವಿರೋಧ ಅವನಿಗೆ ದೊಡ್ಡದಾಗಿ ಕಾಣಲಿಲ್ಲ. ಅಕ್ಕತಂಗಿಯರನ್ನು ಹೊರಗೆ ಕೊಟ್ಟು ವರದಕ್ಷಿಣೆಯಿಂದ ಮನೆ ಬಡವಾಯಿತು, ಅವರು ಅಣ್ಣತಮ್ಮಂದಿರನ್ನೇ ಮದುವೆಯಾಗಿದ್ದರೆ ಆಸ್ತಿ ಒಡೆಯುತ್ತಿರಲಿಲ್ಲ ಎಂದು ಅವನು ಒಮ್ಮೆ ಹೇಳಿದ್ದು ಕಡತದಲ್ಲಿದೆ. ಹುಡುಗಾಟಕ್ಕೆ ಆಡಿದ ಮಾತಿರಬಹುದು, ಆದರೆ ಅದರ ಹಿಂದಿನ ಚಿಂತೆ ಊರಿನ ಪ್ರತಿ ಯಜಮಾನನದೂ ಆಗಿತ್ತು.

1308ರ ಬಂಧನದ ನಂತರ ಇದೇ ಪಾದ್ರಿ ಧರ್ಮವಿಚಾರಕರ ಕೈಗೆ ಕೈ ಜೋಡಿಸಿ, ಅವರ ಅಧಿಕಾರವನ್ನು ತನ್ನ ಮನೆಯ ವೈರಿಗಳ ಮೇಲೆ ತಿರುಗಿಸಿದ. ಯಾರನ್ನು ಹಿಡಿದುಕೊಡಬೇಕು, ಯಾರನ್ನು ಉಳಿಸಬೇಕು ಎಂಬುದು ಅವನ ಬಾಯಿಮಾತಿನ ಮೇಲೆ ನಿಂತಿತು. ಹೆಂಗಸರನ್ನು ಒಲಿಸಿಕೊಳ್ಳಲೂ ಈ ಹೆದರಿಕೆಯನ್ನೇ ಬಳಸಿದನೆಂಬ ಹೇಳಿಕೆಗಳಿವೆ. ಅವನ ಹಿಂದಿನ ನಂಟುಗಳನ್ನು ಬಾಯಿಬಿಟ್ಟು ಆಡಿದ ಮೊರ್ಸ್ ಮನೆಯ ಮೆಂಗಾರ್ದ್ ಎಂಬ ಹೆಂಗಸಿನ ನಾಲಗೆಯನ್ನು ಕ್ಲೆರ್ಗ್ ಕಡೆಯವರು ಕತ್ತರಿಸಿಸಿದರು. ಆ ಮನೆಯ ಗಂಡುಮಕ್ಕಳು ಕ್ಯಾಟಲೋನಿಯಾ ಕಡೆಗೆ ಓಡಿಹೋಗಿ ಕುರಿ ಕಾಯುತ್ತ, ಸೇಡಿನ ಆಣೆ ಇಟ್ಟುಕೊಂಡು ದಿನ ತಳ್ಳಿದರು. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಊರು ಇಬ್ಭಾಗವಾಗಿ ನಡೆಯಿತು. ಫೂರ್ನಿಯೇ ಈ ಜಾಲವನ್ನು ಬಿಡಿಸಿ, 1320ರಲ್ಲಿ ಪಾದ್ರಿಯನ್ನೇ ಸೆರೆಗೆ ಹಾಕಿದ. ಪಿಯೇರ್ ಕ್ಲೆರ್ಗ್ ಏನನ್ನೂ ಒಪ್ಪಿಕೊಳ್ಳದೆ ಸೆರೆಯಲ್ಲಿಯೇ ಸತ್ತ. ಊರಿನ ಎಲ್ಲರ ಬಾಯಲ್ಲೂ ಇರುವ ಅವನ ಸ್ವಂತದ ಒಂದು ಹೇಳಿಕೆಯೂ ನಮಗೆ ಉಳಿದಿಲ್ಲ. ಬೆರ್ನಾರನೂ 1324ರಲ್ಲಿ ಸೆರೆಯಲ್ಲಿ ಸತ್ತ.

ಪಾದ್ರಿಯ ಬಗ್ಗೆ ಅತ್ಯಂತ ಹೆಚ್ಚು ತಿಳಿಯುವುದು ಬಿಯಾತ್ರೀಸ್ ದ ಪ್ಲಾನಿಸೋಲ್ ಎಂಬ ಹೆಣ್ಣಿನ ಹೇಳಿಕೆಯಿಂದ. ಅವಳು ಊರಿನ ಕೋಟೆನಾಯಕ ಬೆರಾಂಜೇ ದ ರೋಕ್‌ಫೋರ್‌ನ ಹೆಂಡತಿ. ಗಂಡ ಸತ್ತ ಮೇಲೆ ಕೋಟೆಯಿಂದ ಊರಿನ ನಡುವೆ ಬಂದು ನೆಲೆಸಿ, ಪಿಯೇರ್ ಕ್ಲೆರ್ಗ್‌ನ ಪ್ರೇಯಸಿಯಾದಳು. ಆಮೇಲೆ ಕೆಳನಾಡಿನ ದಾಲೂ ಎಂಬ ಊರಿನವನನ್ನು ಮದುವೆಯಾಗಿ ಮೊಂತಾಯೂ ಬಿಟ್ಟಳು. ಆ ಗಂಡನೂ ತೀರಿಕೊಂಡ ಮೇಲೆ ಇನ್ನೊಬ್ಬ ಕಿರಿಯ ಪಾದ್ರಿಯೊಡನೆ ಸಂಬಂಧ ಬೆಳೆಯಿತು. 1320ರಲ್ಲಿ ಅವಳನ್ನು ಹಿಡಿದಾಗ ಅವಳ ಚೀಲದಲ್ಲಿ ಮೊಮ್ಮಕ್ಕಳ ಒಣಗಿದ ಹೊಕ್ಕುಳಬಳ್ಳಿ, ಧೂಪದ ಹರಳುಗಳು, ಮಗಳ ಮೊದಲ ಮುಟ್ಟಿನ ಬಟ್ಟೆ ಸಿಕ್ಕವು. ವ್ಯಾಜ್ಯ ಗೆಲ್ಲಲು ಇದು, ತಲೆನೋವಿಗೆ ಇದು, ಅಳಿಯನ ಪ್ರೀತಿ ನಿಲ್ಲಲು ಇದು ಎಂದು ಅವಳು ಒಂದೊಂದನ್ನೂ ವಿವರಿಸಿದಳು. ಅಧಿಕಾರಿ ವರ್ಗದ ಹೆಣ್ಣಿಗೂ ಊರಿನ ಬಡವರಿಗೂ ಮಾತಿನಲ್ಲಿ, ನಂಬಿಕೆಯಲ್ಲಿ, ಊಟದಲ್ಲಿ ಎಷ್ಟು ಕಡಿಮೆ ಅಂತರವಿತ್ತೆಂಬುದು ಅವಳ ಮಾತುಗಳಿಂದ ಸ್ಪಷ್ಟವಾಗುತ್ತದೆ. ಅವಳು ಊರಿನ ಹೆಂಗಸರ ಜೊತೆ ಒಂದೇ ಒಲೆಯ ಮುಂದೆ ಕೂತವಳು. 1321ರಲ್ಲಿ ಅವಳಿಗೆ ಸೆರೆಯ ಶಿಕ್ಷೆಯಾಗಿ, ಮರುವರ್ಷ ಬಟ್ಟೆಯ ಮೇಲೆ ಹಳದಿ ಶಿಲುಬೆ ಹೊಲಿದುಕೊಂಡು ತಿರುಗುವ ಷರತ್ತಿನ ಮೇಲೆ ಬಿಡುಗಡೆಯಾಯಿತು.

ಮನೆಯ ನಿಯಮ ಎಲ್ಲರಿಗೂ ಜಾಗ ಕೊಡುತ್ತಿರಲಿಲ್ಲ. ವಾರಸುದಾರ ಯಾರೆಂದು ತಂದೆ ಆರಿಸುತ್ತಿದ್ದ; ಹೆಣ್ಣುಮಕ್ಕಳು ವರದಕ್ಷಿಣೆಯೊಡನೆ ಹೊರಡುತ್ತಿದ್ದರು; ಉಳಿದ ಗಂಡುಮಕ್ಕಳಿಗೆ ಕುರಿಮಂದೆಯ ದಾರಿ. ನೇಕಾರನ ಮಗ ಪಿಯೇರ್ ಮೊರಿ ಅಂಥವನು. ಬೇಸಿಗೆಯಲ್ಲಿ ಪಿರೆನೀಸಿನ ಎತ್ತರದ ಹುಲ್ಲುಗಾವಲು, ಚಳಿಗಾಲದಲ್ಲಿ ಗಡಿಯಾಚೆ ಕ್ಯಾಟಲೋನಿಯಾದಿಂದ ದಕ್ಷಿಣದ ಬಯಲುಗಳವರೆಗೆ ಅವನು ಮಂದೆಯೊಡನೆ ನಡೆಯುತ್ತಿದ್ದ. ಬೆಟ್ಟದ ಮೇಲಿನ ಗುಡಿಸಿಲಿನಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ಮಾತಿನ ಕುರಿಗಾಹಿಗಳು ಒಟ್ಟಿಗೆ ಇದ್ದು, ಹಾಲು ಹೆಪ್ಪಿಟ್ಟು ಚೀಸ್ ಮಾಡುತ್ತಿದ್ದರು. ಅದರ ಉಸ್ತುವಾರಿಗೆ ಒಬ್ಬ ಮೇಸ್ತ್ರಿ ಇರುತ್ತಿದ್ದ. ಚಳಿಗಾಲದಲ್ಲಿ ಮರಿ ಹಾಕುವುದು, ವಸಂತದಲ್ಲಿ ಉಣ್ಣೆ ಕತ್ತರಿಸುವುದು, ಬೇಸಿಗೆಯಲ್ಲಿ ಚೀಸ್: ಇದು ಅವರ ವರ್ಷದ ಲೆಕ್ಕ. ಊರಿನಲ್ಲಿ ಮನೆ ಹೇಗೋ ಬೆಟ್ಟದಲ್ಲಿ ಈ ಗುಡಿಸಿಲು ಹಾಗೆ. ಪಿಯೇರ್ ಮೊರಿಗೆ ಆಸ್ತಿಯಿರಲಿಲ್ಲ, ಹೆಂಡತಿಯಿರಲಿಲ್ಲ; ತಂದೆತಾಯಿಯ ಮನೆಯನ್ನು ಧರ್ಮವಿಚಾರಕರು ಮೂರು ಬಾರಿ ಹಾಳುಮಾಡಿದರೆಂದು ಅವನೇ ಹೇಳಿದ್ದಾನೆ. ಆದರೆ ಹೋದಲ್ಲೆಲ್ಲ ಯಾರದೋ ಮಗುವಿಗೆ ಜ್ಞಾನತಂದೆಯಾಗಿ, ಅಂದರೆ ಜ್ಞಾನಸ್ನಾನದ ಹೊತ್ತಿನಲ್ಲಿ ಮಗುವಿನ ಹೊಣೆ ಹೊರುವವನಾಗಿ, ಅವನು ನಂಟು ಬೆಳೆಸುತ್ತಿದ್ದ. ಇಷ್ಟೊಂದು ಮಕ್ಕಳಿಗೆ ಜ್ಞಾನತಂದೆಯಾಗಿ ದುಡಿದದ್ದನ್ನೆಲ್ಲ ಅದಕ್ಕೇ ಕಳೆಯುತ್ತೀಯಲ್ಲ ಎಂದು ಬೋಧಕ ಬೆಲಿಬಾಸ್ತ್ ಬೈದರೆ, ದುಡಿದದ್ದು ನನ್ನದು, ಇಷ್ಟ ಬಂದಂತೆ ಖರ್ಚು ಮಾಡುತ್ತೇನೆ ಎಂಬರ್ಥದ ಉತ್ತರ ಕೊಟ್ಟ. ಕಡತದಲ್ಲಿ ನನಗೆ ಅತ್ಯಂತ ಹತ್ತಿರವೆನಿಸುವ ಮನುಷ್ಯ ಇವನು.

ಈ ಬೆಲಿಬಾಸ್ತ್ ಆ ಸೀಮೆಯ ಕೊನೆಯ ಕಥಾರ್ ಬೋಧಕ. ಓಡಿಹೋಗಿ ಸ್ಪೇನಿನ ಮೊರೆಯಾ ಪಟ್ಟಣದಲ್ಲಿ ಹಣಿಗೆ ಮಾಡುತ್ತ ಅಡಗಿದ್ದ; ಅವನ ಸುತ್ತ ಮೊಂತಾಯೂವಿನಿಂದ ತಪ್ಪಿಸಿಕೊಂಡು ಬಂದವರ ಚಿಕ್ಕ ಗುಂಪಿತ್ತು. ಅಲ್ಲಿಗೆ ಆರ್ನೋ ಸಿಕ್ರ್ ಎಂಬ ಚಪ್ಪಲಿ ಹೊಲಿಯುವವನು ಭಕ್ತನ ವೇಷದಲ್ಲಿ ಬಂದು ಸೇರಿದ. ಅವನ ತಾಯಿಯನ್ನು ಕಥಾರ್ ಎಂದು ಸುಟ್ಟು, ಆಕ್ಸ್‌ನಲ್ಲಿದ್ದ ಅವಳ ಮನೆಯನ್ನು ಜಪ್ತಿ ಮಾಡಿದ್ದರು. ಒಬ್ಬ ಬೋಧಕನನ್ನು ಹಿಡಿದುಕೊಟ್ಟರೆ ಆ ಮನೆ ಮರಳಿ ಸಿಗುತ್ತದೆಂಬುದು ಅವನ ಲೆಕ್ಕ. ಬಿಷಪ್‌ನಿಂದ ಹಣ ಪಡೆದು, ತಿಂಗಳುಗಟ್ಟಲೆ ನಂಬಿಸಿ, ಗಡಿಯ ಈಚೆಗೆ ಕರೆತಂದು ಹಿಡಿಸಿದ. ಬೆಲಿಬಾಸ್ತ್‌ನನ್ನು 1321ರಲ್ಲಿ ವಿಲ್‌ರೂಜ್-ತೆರ್ಮೆನೆಸ್ ಎಂಬಲ್ಲಿ ಸುಟ್ಟರು. ತಾಯಿಯನ್ನು ಸುಟ್ಟವರ ಪರವಾಗಿ ತಾಯಿಯ ಮನೆಗೋಸ್ಕರ ಗೂಢಚಾರನಾದ ಈ ಮಗನನ್ನು ಅರ್ಥ ಮಾಡಿಕೊಳ್ಳಲು ಹಣದಾಸೆ ಎಂಬ ವಿವರಣೆ ಸಾಲದು. ಮನೆ ಕಳೆದುಕೊಂಡವನು ಆ ಸಮಾಜದಲ್ಲಿ ಮದುವೆಗೂ ಮಾತಿಗೂ ಲೆಕ್ಕಕ್ಕೆ ಬಾರದವನು.

ಫೂರ್ನಿಯೇಯ ನ್ಯಾಯಾಲಯದಿಂದ ಸುಡುವ ಶಿಕ್ಷೆ ಪಡೆದವರು ಐದು ಜನ. ಅವರಲ್ಲಿ ನಾಲ್ವರು ವಾಲ್ದೆನ್ಸಿಯನ್ ಎಂಬ ಬೇರೆ ಪಂಥದವರು, ಒಬ್ಬ ಮೊಂತಾಯೂವಿನ ಗೀಯೋಮ್ ಫೋರ್. ಮಿಕ್ಕ ಬಹುತೇಕರಿಗೆ ರೊಟ್ಟಿ ನೀರಿನ ಸೆರೆ, ಆಸ್ತಿ ಜಪ್ತಿ, ಹಳದಿ ಶಿಲುಬೆ. ಪಿಯೇರ್ ಮೊರಿಯೂ 1324ರಲ್ಲಿ ಸೆರೆಯ ಶಿಕ್ಷೆ ಪಡೆದ. ಪಂಥವನ್ನು ಅಳಿಸುವುದೆಂದರೆ ಮನೆಯನ್ನು ಅಳಿಸುವುದು ಎಂಬುದು ನ್ಯಾಯಾಲಯಕ್ಕೂ ಗೊತ್ತಿತ್ತು. ಇದೇ ಬಿಷಪ್ ಬೆಟ್ಟದವರ ಮೇಲೆ ದಶಾಂಶವನ್ನೂ ಬಿಗಿಗೊಳಿಸಿ, ಕುರಿಮರಿಗಳ ಮೇಲಿನ ಪಾಲು ಕೇಳಿ, ಅಲ್ಲಿಯವರೆಗೆ ಬಿಟ್ಟಿದ್ದ ಚೀಸ್ ಮತ್ತು ಟರ್ನಿಪ್‌ಗಳನ್ನೂ ಲೆಕ್ಕಕ್ಕೆ ಸೇರಿಸಿದ. ಬೆಟ್ಟದ ಜನಕ್ಕೆ ಬಿಷಪ್‌ನ ಮೇಲಿದ್ದ ಸಿಟ್ಟಿನಲ್ಲಿ ಧರ್ಮವೆಷ್ಟು, ಕುರಿಮರಿಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ನಂಬಿಕೆಯ ಪ್ರಶ್ನೆ ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದುದು. ಊರಿನವರು ಓಕ್ಸಿತಾನಿನಲ್ಲಿ ಹೇಳಿದ್ದನ್ನು ಗುಮಾಸ್ತ ಟಿಪ್ಪಣಿ ಮಾಡಿಕೊಂಡು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದ. ಆಮೇಲೆ ಅದನ್ನು ಮತ್ತೆ ಅವರ ಮಾತಿನಲ್ಲಿ ಓದಿ ಹೇಳಿ ಒಪ್ಪಿಗೆ ಪಡೆಯುತ್ತಿದ್ದರು. 'ನಾನು' ಎಂದದ್ದು 'ಅವಳು' ಆಗಿ, ಮಾತು ವರದಿಯಾಗಿ ಬದಲಾಗುತ್ತಿತ್ತು. ಏನನ್ನು ಕೇಳಬೇಕೆಂದು ನಿರ್ಧರಿಸುತ್ತಿದ್ದವನು ಬಿಷಪ್, ಉತ್ತರಿಸುವವರಿಗೆ ಸೆರೆಯ ಭಯ. ಝಾನ್ ದ್ಯುವೆರ್ನ್ವಾ 1965ರಲ್ಲಿ ಇಡೀ ಲ್ಯಾಟಿನ್ ಪಠ್ಯವನ್ನು ಪ್ರಕಟಿಸಿದರು. ಅದನ್ನು ಆಧರಿಸಿ ಫ್ರೆಂಚ್ ಇತಿಹಾಸಕಾರ ಎಮ್ಮಾನ್ಯುಯೆಲ್ ಲ ರುವಾ ಲದ್ಯುರಿ 1975ರಲ್ಲಿ ಬರೆದ ಪುಸ್ತಕದಿಂದ ಈ ಊರು ಜಗತ್ತಿಗೆ ಪರಿಚಯವಾಯಿತು. ಅವರು ಆರೋಪಿಗಳ ಹೇಳಿಕೆಯನ್ನು ಹಳ್ಳಿಗೆ ಹೋಗಿ ಮಾಡಿದ ಕ್ಷೇತ್ರಕಾರ್ಯದ ಸಂದರ್ಶನದಂತೆ ಬಳಸಿದರು, ಭಯವನ್ನೂ ಅನುವಾದವನ್ನೂ ಮರೆತರು ಎಂಬ ಆಕ್ಷೇಪಣೆ ಬಂತು, ಮತ್ತು ಆ ಆಕ್ಷೇಪಣೆಯಲ್ಲಿ ಹುರುಳಿದೆ.

ನಾನು ಅನುಸರಿಸುವ ವಿಧಾನ ಇದು. ಯಾರು ಯಾವ ಬೋಧಕನಿಗೆ ತಲೆಬಾಗಿದರು, ಯಾರು ಯಾರನ್ನು ಪ್ರೇರೇಪಿಸಿದರು ಎಂಬಂಥ, ಶಿಕ್ಷೆಗೆ ನೇರವಾಗಿ ತಾಗುವ ಹೇಳಿಕೆಗಳನ್ನು ಎರಡು ಮೂರು ಬೇರೆ ಬಾಯಿಗಳಿಂದ ಬರದ ಹೊರತು ಒ‍ಪ್ಪುವುದಿಲ್ಲ. ಅಲ್ಲಿ ಸುಳ್ಳಿಗೂ ಹಗೆಗೂ ಕಾರಣವಿದೆ. ಆದರೆ ತಾನು ಜರಡಿ ಕಡ ಕೇಳಲು ನೆರೆಮನೆಗೆ ಹೋದಾಗ ಬೋಧಕನನ್ನು ಕಂಡೆ ಎಂದು ಹೆಂಗಸೊಬ್ಬಳು ಹೇಳಿದರೆ, ಬೋಧಕನ ವಿಷಯ ಸುಳ್ಳಿರಬಹುದು, ಜರಡಿ ಕಡ ಕೇಳುವ ರೂಢಿ ಸುಳ್ಳಲ್ಲ. ಕೇಳುವ ಬಿಷಪ್‌ಗೆ ಅದು ಸಹಜವೆನಿಸದಿದ್ದರೆ ಅವಳು ಆ ನೆಪ ಹೇಳುತ್ತಲೇ ಇರಲಿಲ್ಲ. ಸಮುದಾಯ ಜೀವನದ ವಿವರಗಳಲ್ಲಿ ಹೆಚ್ಚಿನವು ಹೀಗೆ ಮಾತಿನ ಅಂಚಿನಲ್ಲಿ ಉದುರಿದವು. ಅವುಗಳನ್ನು ನಾನು ಬಹುಮಟ್ಟಿಗೆ ನಂಬುತ್ತೇನೆ. ಕಡತ ಏನನ್ನು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಪಂಥದ ಸೋಂಕಿಲ್ಲದೆ ಉತ್ತು ಬಿತ್ತು ಬದುಕಿದ ಮನೆಗಳು ನ್ಯಾಯಾಲಯಕ್ಕೆ ಬೇಕಿರಲಿಲ್ಲವಾದ್ದರಿಂದ ನಮಗೂ ಅರೆಬರೆಯಾಗಿಯೇ ಕಾಣುತ್ತವೆ. ನಮಗೆ ಸಿಕ್ಕ ಮೊಂತಾಯೂ ನಿಜವಾದ ಮೊಂತಾಯೂವಿಗಿಂತ ಹೆಚ್ಚು ಕಥಾರ್ ಆಗಿ, ಹೆಚ್ಚು ಜಗಳಗಂಟಿಯಾಗಿ ತೋರುತ್ತಿರಬಹುದು.

ಆಮೇಲೆ ಊರು ಏನಾಯಿತೆಂದರೆ, ಸೆರೆಮನೆಗಳಿಂದ ಅದು ಸಾಯಲಿಲ್ಲ. 1348ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಹಬ್ಬಿದ ಮಹಾಮಾರಿ ಪ್ಲೇಗು ಮತ್ತು ಅದರ ಹಿಂದುಮುಂದಿನ ಯುದ್ಧಗಳು ಬೆಟ್ಟದ ಸೀಮೆಯನ್ನು ಇನ್ನೂ ಹೆಚ್ಚು ಬರಿದು ಮಾಡಿದವು. 1390ರ ತೆರಿಗೆ ಲೆಕ್ಕದಲ್ಲಿ ಮೊಂತಾಯೂವಿನ ಒಲೆಗಳು 23. ಜನ ಹೆಚ್ಚೆಂದರೆ ನೂರರ ಮೇಲೆ ಸ್ವಲ್ಪ. ಪಂಥದ ಹೆಸರು ಅಷ್ಟರಲ್ಲಿ ಅಳಿದುಹೋಗಿತ್ತು. ಕಾಲಕ್ರಮೇಣ ಮನೆಗಳು ಕೋಟೆಯ ಇಳಿಜಾರನ್ನು ಬಿಟ್ಟು ಕೆಳಗೆ ಸರಿದವು. ಮೇಲಿನ ಕೋಟೆ ಈಗ ಮುರಿದ ಗೋಡೆ. ಇಪ್ಪತ್ತನೆಯ ಶತಮಾನದಲ್ಲಿ ಬೆಟ್ಟದ ಊರುಗಳ ಜನ ಪಟ್ಟಣ ಸೇರಿದ ಮೇಲೆ ಇಲ್ಲಿ ಸ್ಥಿರವಾಗಿ ನೆಲೆಸಿರುವವರು ಐವತ್ತಕ್ಕೂ ಕಡಿಮೆ. ಆದರೂ ಅದು ತನ್ನದೇ ಮೇಯರ್ ಇರುವ ಸ್ವತಂತ್ರ ಗ್ರಾಮವಾಗಿಯೇ ಉಳಿದಿದೆ. ಕಳೆದ ಶತಮಾನದಲ್ಲಿ ಆ ಕುರ್ಚಿಯಲ್ಲಿ ಕೂತವರಲ್ಲಿ ಕ್ಲೆರ್ಗ್ ಎಂಬ ಮನೆತನದ ಹೆಸರಿನವರೂ ಇದ್ದರು.